ಕಾಗದದ ಹರಳು

ಎಂಟೂ ಕಾಲು ಮಿಲಿಮೀಟರ್ ಉದ್ದ,
ಐದೂವರೆ ಅಗಲ, ಒಂದು ತುದಿ ಚೂಪು.
ಯಾರದೋ ಮದುವೆ ಕರೆಯೋಲೆಯ ಹಿಂಬದಿಗೆ ಗೀಚಿ
ಉಗುರು ಕತ್ತರಿಯಲ್ಲಿ ಕತ್ತರಿಸಿದೆ.
ಅನ್ನದ ಅಗುಳು ಒತ್ತಿ ಬೆರಳಿಗೆ ಅಂಟಿಸಿ
ಕೈ ಚಾಚಿ ನೋಡಿದೆ.
ಪರವಾಗಿಲ್ಲ.

ಫೋನಿನಲ್ಲಿ ಎಲ್ಲ ಕಲ್ಲೂ ಒಂದೇ ಗಾತ್ರ.
ಹತ್ತು ಸೆಂಟಿನದೂ ಎರಡು ಕ್ಯಾರೆಟ್ಟಿನದೂ
ಪರದೆ ತುಂಬ ಪೂರಿಯಂತೆ ಉಬ್ಬಿರುತ್ತದೆ.
ಬೆರಳಿಟ್ಟು ಎಳೆದರೆ ಗಿರ್ರನೆ ತಿರುಗುತ್ತದೆ,
ಎಲ್ಲಿಯದೋ ಬೆಳಕು, ಯಾರದೋ ಚಿಮಟ.

ಮೂವತ್ತೊಂದು ವರ್ಷ
ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ
ಕಪ್ಪು ಕಾಗದದ ಮೇಲೆ ಚಿಟಿಕೆ ಸುರಿದು
ಭೂತಗನ್ನಡಿ ಹಿಡಿದವಳು ನಾನು.
ಅವಳಿ ಹರಳು, ಮೊನೆ ಮುರಿದ ಹರಳು,
ಪಾಕ ಒಳಗೇ ಸಿಕ್ಕಿಕೊಂಡು ಮಂಕಾದದ್ದು.
ಅಂಚು ದುಂಡಗಾಗಿದ್ದರೆ
ನೀರು ಜಾಸ್ತಿ ಬಿದ್ದಿದೆ, ಕರಗಿದೆ ಎಂದು ಬರೆಯುತ್ತಿದ್ದೆವು.
ಅದಕ್ಕೇ ಇರಬೇಕು,
ದುಂಡು ವಜ್ರದ ಪುಟ ಬಂದರೆ
ನನ್ನ ಹೆಬ್ಬೆರಳು ಕೇಳದೆಯೇ ಮೇಲಕ್ಕೆ ತಳ್ಳುತ್ತದೆ.

ಪೇಟೆಬೀದಿಯ ಪರಮೇಶಾಚಾರ್ ನಕ್ಕರು:
"ದುಂಡು ಕಲ್ಲಾದ್ರೆ ಕೆತ್ತನೆಗೆ ಇಷ್ಟು ಮಾರ್ಕು ಅಂತ
ಚೀಟಿನಲ್ಲೇ ಬರ್ದಿರ್ತಾರೆ ಕಣಮ್ಮ.
ಈ ಸೊಗಸುಗಾತಿಯರಿಗೆ ಆ ಜಾಗ ಖಾಲಿ.
ಕಣ್ಣಾರೆ ನೋಡ್ದೆ ತಗೊಂಡ್ರೆ
ಕತ್ಲಲ್ಲಿ ಎಮ್ಮೆ ಯಾಪಾರ ಮಾಡ್ದಂಗೆ."
ನಿಮ್ಮ ಹತ್ರ ಇದೆಯಾ ತೋರಿಸಿ, ಅಂದೆ.
"ನನ್ ತಾವ ಎಲ್ಲೈತೆ,
ಮೂಗುಬೊಟ್ಟಿನ ಪುಡಿಗಲ್ಲು ಬುಟ್ರೆ."

ಅವರಿಟ್ಟ ಹೆಸರುಗಳಿಗೆ ನನ್ನ ನಾಲಿಗೆ ಹೊರಳದು.
ಮಾರ್ಕೀಸ್ ಅಂದರೆ ಸೌತೆಬೀಜ,
ಎರಡೂ ಮೊನೆ ಮುರಿಯುವ ಭಯ.
ಕುಶನ್, ತೇವಕ್ಕೆ ಮೂಲೆ ಕರಗಿದ ಅಚ್ಚುಬೆಲ್ಲ.
ಎಮರಾಲ್ಡ್ ಕಟ್ಟು ಮೇಲುಕೋಟೆಯ ಕಲ್ಯಾಣಿ:
ಮೆಟ್ಟಿಲ ಕೆಳಗೆ ಮೆಟ್ಟಿಲು, ತಳದಲ್ಲಿ ಸುಮ್ಮನಿರುವ ನೀರು,
ಒಂದು ತರಗೆಲೆ ಬಿದ್ದರೂ ಊರಿಗೆಲ್ಲ ಕಾಣುತ್ತದೆ.
ಹೃದಯದ ಆಕಾರದ್ದು ಬಂದಾಗ
ಫೋನು ಮಗುಚಿಟ್ಟು ಹಾಲು ಕಾಯಿಸಲು ಎದ್ದೆ.

ಕೊನೆಗೆ ಉಳಿದದ್ದು ಹನಿ.

ಎಡಗೈಯ ಉಂಗುರಬೆರಳು ಸೊಟ್ಟ.
ಸ್ಯಾಂಪಲ್ ಕಬ್ಬು ಅರೆಯುವ ಗಿರಣಿ,
ಮೂರು ವಾರ ರಜೆ, ನಾಲ್ಕು ಸಾವಿರ ಪರಿಹಾರ.
ಉದ್ದನೆ ಕಲ್ಲು ಬೆರಳನ್ನು ನೀಳ ಮಾಡುತ್ತದಂತೆ.
ನೀಳ ಯಾಕೆ, ಈ ವಯಸ್ಸಿಗೆ?
ನೋಡುವವರ ಕಣ್ಣು ಗಂಟಿನ ಮೇಲೆ ಕೂರುವ ಮೊದಲು
ಇನ್ನೊಂದು ಕಡೆ ಕೂತು ಬಂದರೆ ಸಾಕು.

ಆದರೆ ಹನಿಯ ನಡುವೆ ಒಂದು ಕಪ್ಪು.
ರೆಕ್ಕೆ ಬಿಚ್ಚಿದ ಸಣ್ಣ ಚಿಟ್ಟೆಯಷ್ಟು.
ವೀಡಿಯೋ ನಲವತ್ತು ಸಲ ತಿರುಗಿಸಿದೆ, ಅಲ್ಲೇ ಇದೆ.
ಫೋನು ಮಾಡಿದರೆ ಎಳೆಯ ದನಿಯ ಹುಡುಗಿ:
"ಅದು ಕಲೆ ಅಲ್ಲ ಮೇಡಂ.
ನೋಡೋಕೆ ಬಗ್ಗಿದವರ ತಲೆ ಬೆಳಕಿಗೆ ಅಡ್ಡ ಬರುತ್ತಲ್ಲ, ಆ ನೆರಳು.
ಉದ್ದ ಕಲ್ಲಲ್ಲಿ ಹೆಚ್ಚೋ ಕಮ್ಮಿಯೋ ಇದ್ದೇ ಇರುತ್ತೆ."

ರಾತ್ರಿಯೆಲ್ಲ ಅದೇ ಯೋಚನೆ.
ಅಷ್ಟು ವರ್ಷ ಬಾಗಿ ನೋಡಿದೆನಲ್ಲ,
ಮಂಕು ಎಂದು ಬರೆದ ಸಕ್ಕರೆಯಲ್ಲಿ
ಎಷ್ಟು ಚೀಲಕ್ಕೆ ನನ್ನದೇ ತಲೆ ಅಡ್ಡ ಬಂದಿತ್ತೋ.
ಹಾಗೆ ಆಗಲಾರದು. ಸಕ್ಕರೆ ಬೇರೆ, ಇದು ಬೇರೆ.
ಆದರೂ.

ಕಾಗದದ ಹನಿ ತೊಟ್ಟುಕೊಂಡೇ ಸಂತೆಗೆ ಹೋದೆ.
ನುಗ್ಗೆಕಾಯಿ ಆರಿಸಿದೆ, ಚಿಲ್ಲರೆ ಎಣಿಸಿದೆ,
ಚೂಪು ತುದಿ ಒಂದು ಸಲ ಉಗುರಿನ ಕಡೆ,
ಒಂದು ಸಲ ನನ್ನ ಕಡೆ.
ನಾದಿನಿ ಸರ್ವಮಂಗಳ ಗೇಟಿನಲ್ಲೇ ಹಿಡಿದಳು:
"ಅದೇನತ್ತಿಗೆ, ಸುಟ್ಕೊಂಡ್ರಾ?"
ವಜ್ರ, ಅಂದೆ.
ನಗಲಿಲ್ಲ ಅವಳು.
ನನ್ನ ಕೈ ಹಿಡಿದು ಬಿಸಿಲಿಗೆ ತಿರುಗಿಸಿ
"ಚೆನ್ನಾಗೈತೆ, ಸ್ವಲ್ಪ ದೊಡ್ದೇ ಆಯ್ತು" ಅಂದಳು.

ಸಂಜೆ ಪಾತ್ರೆ ತೊಳೆಯುವಾಗ
ಸೀದ ತಳದ ಜೊತೆ ಹನಿ ಹರಿದುಹೋಯಿತು.
ಕೈ ಒರೆಸಿಕೊಂಡು ಫೋನು ತೆಗೆದೆ.
ಒಟಿಪಿ ಬಂತು. ಆರೂ ಅಂಕೆ
ಸೊಟ್ಟ ಬೆರಳಲ್ಲೇ ಒತ್ತಿದೆ, ಎರಡು ಸಲ ತಪ್ಪಿ.

ಬರಲು ಒಂಬತ್ತು ದಿನವಂತೆ.
ಕರೆಯೋಲೆಯಲ್ಲಿ ಇನ್ನೂ ಜಾಗವಿದೆ.