ಯ ಒತ್ತು

ಕೆಂಪು ಬಣ್ಣ ಮಿಕ್ಕಿದೆಯಾ ಅಂಕಲ್, ಅಂತ ಕೇಳಿಕೊಂಡು
ನಾಲ್ವರು ಬಂದರು, ಗೋಣಿಕೊಪ್ಪದ ಸಂತೆ ಎದ್ದುಹೋದ ಮೇಲೆ.
ಫ್ಲೆಕ್ಸ್ ಬಂದು ಹದಿನೈದು ವರ್ಷ. ನನ್ನ ಅಂಗಡಿಯಲ್ಲಿ
ಮಿಕ್ಕಿರುವುದೇ ಬಣ್ಣ.

ಕಾಲೇಜಿನ ಮಕ್ಕಳು. ಒಬ್ಬಳ ಕೈಲಿ ಹರಿದ ರಟ್ಟಿನ ಪೆಟ್ಟಿಗೆಗಳು,
ಇನ್ನೊಬ್ಬನ ಹೆಗಲಲ್ಲಿ ಕಪಾತು ಮಾಡಿದ ಕಾಫಿ ರೆಂಬೆಗಳ ಕಟ್ಟು.
ಮೊಳೆ ಮಾತ್ರ ದುಡ್ಡು ಕೊಟ್ಟು ತಂದದ್ದಂತೆ.

ಏನಾಯಿತೆಂದು ಊರಿಗೇ ಗೊತ್ತು.
ಹೋದ ಭಾನುವಾರ ಬಸ್‌ಸ್ಟ್ಯಾಂಡಿನ ಹೋಟೆಲಲ್ಲಿ
ಎಲ್ಲರಿಗೂ ಗಾಜಿನ ಲೋಟ, ಹಾಡಿಯ ಬೊಳ್ಳಿಗೆ ಪೇಪರ್ ಕಪ್.
ಯಾಕೆ ಅಂದಳು. ಉತ್ತರ ಬಂದದ್ದು
ಅವಳ ಮೈಬಣ್ಣದ ಮೇಲೆ, ಗುಂಗುರು ಕೂದಲ ಮೇಲೆ.
ಪಕ್ಕದ ಮೇಜಿಂದ ಎದ್ದು ನಿಂತ ಅಸ್ಸಾಮಿನ ಬಿಪುಲ್‌ಗೆ
ನೀನ್ಯಾವ ದೇಶದವನೋ, ಕಾರ್ಡು ತೋರಿಸು ಎಂದರು.
ತೋರಿಸಿದ. ತಿರುಗಿಸಿ ತಿರುಗಿಸಿ ನೋಡಿ
ಸಾಂಬಾರಿನ ತಟ್ಟೆಗೆ ಹಾಕಿದರು.
ನಾನೂ ಅಲ್ಲೇ ಇದ್ದೆ. ವಡೆ ತಿನ್ನುತ್ತಿದ್ದೆ.

ನೆಲದ ಮೇಲೆ ರಟ್ಟು ಹರಡಿ ಕೂತರು. ಸ್ಕೇಲಿಲ್ಲ, ಪೆನ್ಸಿಲ್ಲಿಲ್ಲ.
ಮೂವತ್ತು ವರ್ಷ ದಾರ ಹಿಡಿದು ಸುಣ್ಣದ ಗೆರೆ ಹೊಡೆದವನಿಗೆ
ನೋಡಲಾಗದ ಅಕ್ಷರಗಳು:
ಒಂದು ಸೊಟ್ಟ, ಒಂದು ಗುಡ್ಡ, ಕೊನೆಗೆ ಜಾಗ ಸಾಲದೆ
ಇರುವೆಗಳಾಗಿ ಅಂಚು ಇಳಿದವು.

ಬೊಳ್ಳಿ ಬರೆದಳು: ನನ್ನ ಹೆಸರು 'ಏಯ್' ಅಲ್ಲ.
ಯಶಿ ದೇಚಮ್ಮ, ತಮ್ಮ ತೋಟದ ಹೆಸರು ಅಚ್ಚಾದ
ಕಾಫಿಪುಡಿ ಪೆಟ್ಟಿಗೆಯನ್ನೇ ಮಗುಚಿ,
ನಮ್ಮ ಮನೆಯಲ್ಲೂ ಎರಡು ಥರ ಲೋಟ ಇವೆ, ಎಂದು ಬರೆದು
ತುಂಬ ಹೊತ್ತು ಅದನ್ನೇ ನೋಡುತ್ತಿದ್ದಳು,
ಒಣಗಲಿ ಅಂತಲೋ, ಅಪ್ಪ ಓದುತ್ತಾನೆ ಅಂತಲೋ.
ಬಿಪುಲ್ ಬರೆದದ್ದು ತನ್ನ ಲಿಪಿಯಲ್ಲಿ.
ಓದೋಕೆ ಯಾರಿಗೂ ಬರಲ್ಲವಲ್ಲೋ, ಎಂದೆ.
ಕೇಳಲಿ. ಕೇಳಿದರೆ ಹೇಳ್ತೀನಿ.

ಕೊನೆಯ ರಟ್ಟಿನಲ್ಲೊಂದು ತಪ್ಪು:
ನಾವೂ ಮನುಷರು.

ಯ ಒತ್ತು ಬಿಟ್ಟಿದೆ ಎನ್ನಲು ಬಾಯಿ ತೆರೆದೆ, ಬ್ರಷ್ಷೂ ಅದ್ದಿದೆ.
ಎಷ್ಟು ಚಿಕ್ಕ ಅಕ್ಷರ ಅದು. ಇನ್ನೊಂದರ ಹೆಗಲಡಿ ಸಿಕ್ಕಿ
ಸಾಲಿನ ಕೆಳಗೇ ಬದುಕುವಂಥದ್ದು.
ಇದ್ದರೆ ಯಾರೂ ನೋಡುವುದಿಲ್ಲ,
ಬಿಟ್ಟುಹೋದರೆ ಊರೆಲ್ಲ ನಗುತ್ತದೆ.
ಬರೆದವನು ಯರವರ ಹುಡುಗ, ಲೈನ್ ಮನೆಯಲ್ಲಿ ಹುಟ್ಟಿದವನು.
ಜಾತಿಯ ಮೊದಲಕ್ಷರವೂ ಅದೇ ಯ;
ಶಾಲೆಯ ರಿಜಿಸ್ಟರಿನಲ್ಲಿ ಅದನ್ನು ಬರೆಯಲು
ಯಾರೂ ಯಾವತ್ತೂ ಮರೆತಿಲ್ಲ.
ನನ್ನ ಕೈ ನೋಡಿ ಕೇಳಿದ: ತಪ್ಪಾಯ್ತಾ?

ನನ್ನಪ್ಪ ವಯನಾಡಿನಿಂದ ಬಂದಾಗ
ಅವನ ಕನ್ನಡ ಕೇಳಿ ನಕ್ಕವರ ಗೇಟುಗಳಿಗೇ
ನಾನು ಆಮೇಲೆ ಬೋರ್ಡು ಬರೆದದ್ದು, ಒಂದೂ ಒತ್ತು ಬಿಡದೆ:
ನಾಯಿ ಇದೆ. ಅಪ್ಪಣೆಯಿಲ್ಲದೆ ಬರಬಾರದು.
ಎಷ್ಟು ಶುದ್ಧವಾಗಿತ್ತು ಆ ಕನ್ನಡ.

ಇಲ್ಲ ಮಗಾ, ದಪ್ಪ ಮಾಡು, ದೂರಕ್ಕೆ ಕಾಣಲಿ, ಅಂದೆ.

ಬೆಳಿಗ್ಗೆ ಹೊರಟರು. ನಾನು ಹೋಗಲಿಲ್ಲ.
ಬಾಗಿಲಲ್ಲಿ ನಿಂತು ನೋಡಿದೆ, ತಿರುವಿನಲ್ಲಿ
ರೆಂಬೆಯ ತುದಿಯ ಆ ರಟ್ಟುಗಳು ಮರೆಯಾಗುವ ತನಕ,
ಮನುಷರು ಎಲ್ಲಕ್ಕಿಂತ ಕೊನೆಗೆ.

ಒಳಗೆ ಗೋಡೆಗೊರಗಿದ ತಗಡು, ಪಾಲಿಬೆಟ್ಟದ ತೋಟದವರದು.
'ಹೊರಗಿನವರಿಗೆ ಪ್ರವೇಶ' ಎಂಬಲ್ಲಿಗೆ ನಿಂತಿದೆ,
ಮುಂದಿನದಕ್ಕೆ ಕೆಂಪು ಇಲ್ಲ.
ಮೈಸೂರಿಂದ ಬಣ್ಣ ಬರುವಾಗ ಗುರುವಾರ.
ಅಡ್ವಾನ್ಸು ತಿಂದಾಗಿದೆ, ಬರೆಯಲೇಬೇಕು.
ಅಲ್ಲಿಯ ತನಕ ಹಾಗೇ ಇರಲಿ ಅಂತ
ರಸ್ತೆಗೆ ಮುಖ ಮಾಡಿ ಇಟ್ಟಿದ್ದೇನೆ.