ಐದು ನಿಮಿಷ

ಮೂರು ಹನಿ ಬಿಟ್ಟೆ.
ಇನ್ನು ಐದು ನಿಮಿಷ ಕಾಯಬೇಕು.
ಹಟ್ಟಿಯ ಆಸ್ಪತ್ರೆಯ ಈ ಕೋಣೆಯಲ್ಲಿ
ಗೋಡೆ ಗಡಿಯಾರ ಏಳು ನಿಮಿಷ ಮುಂದಿದೆ,
ಆದರೂ ಎಲ್ಲರೂ ಅದನ್ನೇ ನೋಡುತ್ತಾರೆ.

ಬೆಂಚಿನ ತುದಿಯಲ್ಲಿ ಹುಲಿಗೆಮ್ಮ,
ಸೆರಗಿನ ಚುಂಗು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ.
ಗಂಡ ಅಮರೇಶ ರಾತ್ರಿ ಪಾಳಿ ಮುಗಿಸಿ ಬಂದು
ಬೇವಿನ ನೆರಳಲ್ಲಿ ಬೈಕಿನ ಮೇಲೇ ನಿದ್ದೆಹೋಗಿದ್ದಾನೆ.
ಎರಡು ಸಾವಿರ ಅಡಿ ಕೆಳಗಿನ ಬೂದು ಬಣ್ಣ
ಇನ್ನೂ ಅವನ ರೆಪ್ಪೆಯ ಮೇಲಿದೆ.

"ಅಕ್ಕಾ, ಆ ಗೆರಿ ಕೆಂಪ್ಯಾಕ ಆಗ್ತೈತಿ?"
ಸುಮ್ಮನಿರಲಾಗದೆ ಕೇಳಿದಳು.
"ಬಂಗಾರ" ಅಂದೆ.
ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.

ತರಬೇತಿಯಲ್ಲಿ ಹೇಳಿದಾಗ ನಾನೂ ನಂಬಿರಲಿಲ್ಲ.
ಬಂಗಾರವನ್ನು ಒಡೆಯುತ್ತ ಹೋಗು,
ಕಣ್ಣು ಸೋಲುವವರೆಗೆ,
ಕಣ್ಣಿಗೆ ಆನಿಸಿದ ಮಸೂರವೂ ಸೋಲುವವರೆಗೆ.
ಒಂದು ಕೂದಲಿನ ಅಗಲಕ್ಕೆ ಎರಡು ಸಾವಿರ ಕಣ
ಭುಜಕ್ಕೆ ಭುಜ ತಾಗಿಸಿ ನಿಲ್ಲುವಷ್ಟು ಸಣ್ಣಗಾದಾಗ
ಅದು ತನ್ನ ಹಳದಿ ಮರೆಯುತ್ತದೆ,
ದಾಳಿಂಬೆ ಹಿಂಡಿದ ನೀರಿನ ಹಾಗೆ ಕೆಂಪಾಗುತ್ತದೆ.

ಇದನ್ನು ಪತ್ತಾರ ಮೌನಪ್ಪನಿಗೆ ಹೇಳಬಾರದಿತ್ತು.
"ಐವತ್ತು ವರ್ಷ ಕೊಳವಿ ಊದೀನಿ ತಂಗಿ,
ಎಷ್ಟ ಕಡದ್ರೂ ಬಂಗಾರ ಬಂಗಾರನ.
ಕೆಂಪಿರೋದು ಗುಂಜಿ. ಅದು ತೂಗ್ತೈತಿ,
ಇದು ತೂಗಿಸ್ಕೊಂತೈತಿ."
ಆಮೇಲೆ ಎಷ್ಟೋ ಹೊತ್ತು ಬಿಟ್ಟು, ಕೊಳವೆ ಕೆಳಗಿಟ್ಟು:
"ನಮ್ಮಪ್ಪ ಭಸ್ಮ ಮಾಡ್ತಿದ್ದ, ಬಂಗಾರದ್ದು.
ಅದೂ ಇಟ್ಟಂಗಿ ಪುಡಿಯಂಗ ಕೆಂಪಿತ್ತು, ನೋಡು.
ಯಾಕಂತ ಕೇಳಲಿಲ್ಲ ನಾನು."

ಯಾರೂ ಕೇಳಿರಲಿಲ್ಲ, ಬಹುಕಾಲ.
ದೂರದೇಶದ ಗಾಜಿನವರು ಬಂಗಾರ ಬೆರೆಸಿ ಕೆಂಪು ಗಾಜು ಎರೆದರು,
ಮೌನಪ್ಪನ ಅಪ್ಪ ಕುಳ್ಳು ಒಟ್ಟಿ ಪುಟ ಕೊಟ್ಟ.
ಕೈ ಬಲ್ಲದ್ದನ್ನು ಕಣ್ಣು ಕಾಣಬೇಕಾದರೆ
ಕುರುಡರು ಮುಖ ತಡವಿ ಗುರುತು ಹಿಡಿವಂತೆ
ಮೊನೆಯಿಂದ ಅಣು ತಡವುವ ಯಂತ್ರ ಬರಬೇಕಾಯಿತು.
ಬಂದ ಮೇಲೆ ಯಾವುದೂ ನಿಂತಿಲ್ಲ.
ಲಿಂಗಸುಗೂರಿನ ಗೊಬ್ಬರದಂಗಡಿಯಲ್ಲಿ
ಒಂದು ಚೀಲ ಯೂರಿಯಾ ಅರ್ಧ ಲೀಟರ್ ಬಾಟಲಿಯಾಗಿ ಕೂತಿದೆ.
("ಚೀಲ ಹೊತ್ತ ಹೆಗಲು ಬಾಟ್ಲಿ ನಂಬಂಗಿಲ್ಲ" ಅನ್ನುತ್ತಾನೆ ಖಾಸಿಂಸಾಬ.)
ಸುಟ್ಟಗಾಯದ ಪಟ್ಟಿಯಲ್ಲಿ ಬೆಳ್ಳಿ,
ಬಿಸಿಲಿಗೆ ಹಚ್ಚುವ ಮುಲಾಮಿನಲ್ಲಿ ಸತು,
ನನ್ನ ಫೋನಿನೊಳಗೆ ಏನೇನೋ.

ಸಣ್ಣದೆಲ್ಲ ಒಳ್ಳೆಯದು ಎಂದು ಮಾತ್ರ ನನಗೆ ಹೇಳಬೇಡಿ.
ನಮ್ಮಪ್ಪ ಇಪ್ಪತ್ತಾರು ವರ್ಷ ಕಲ್ಲು ಕೊರೆದ.
ಟನ್ನು ಕಲ್ಲಿಗೆ ಮೂರೋ ನಾಲ್ಕೋ ಗ್ರಾಂ ಮೇಲೆ ಬಂತು.
ಉಳಿದದ್ದರಲ್ಲಿ ಒಂದಿಷ್ಟು, ಕಣ್ಣಿಗೆ ಕಾಣದ್ದು,
ಅವನ ಎದೆಗಿಳಿಯಿತು.
ಎಕ್ಸ್‌ರೇ ಹಾಳೆಯಲ್ಲಿ ಹಿಟ್ಟು ಚೆಲ್ಲಿದಂತಿತ್ತು.
ಕೆಮ್ಮಿನ ನಡುವೆ ಹೇಳುತ್ತಿದ್ದ:
"ದೊಡ್ಡ ಕಲ್ಲು ಬಿದ್ರ ಓಡಬಹುದವ್ವ."
ಈ ಹೊಸ ಕಣಗಳು ಮಣ್ಣಿಗಿಳಿದು, ಹಾಲಿಗಿಳಿದು
ಎಲ್ಲಿ ಹೋಗಿ ಕೂಡುತ್ತವೆ ಎಂದು ಕೇಳುವವರ ಸಾಲಿನಲ್ಲಿ
ಅದಕ್ಕೇ ನಾನೂ ನಿಂತಿದ್ದೇನೆ.
ಸಾಲು ಸರಿಯುತ್ತಿಲ್ಲ.

ಮೂರು ನಿಮಿಷ.
ಒಂದು ಗೆರೆ ಮೂಡಿತು.
ಪಟ್ಟಿ ಕೆಟ್ಟಿಲ್ಲ ಎಂದು ಹೇಳುವ ಗೆರೆ ಅದು,
ಎಲ್ಲರಿಗೂ ಮೂಡುತ್ತದೆ.
ಹುಲಿಗೆಮ್ಮನಿಗೆ ಆರು ಸಲ ಅದೊಂದೇ ಮೂಡಿದೆ.
'ಇಲ್ಲ' ಎನ್ನುವುದನ್ನೂ ಬಂಗಾರದಲ್ಲೇ ಬರೆಯುವ
ಇದರ ಸೊಕ್ಕು ನೋಡಿ.

ಒಂದು ವರ್ಷದ ಪಟ್ಟಿಗಳನ್ನೆಲ್ಲ ಕೂಡಿಸಿದರೂ
ಮೌನಪ್ಪನ ಒಂದು ಗುಂಜಿ ತೂಗಲಾರದು,
ಬಿಡುವಿನಲ್ಲೊಮ್ಮೆ ಲೆಕ್ಕ ಹಾಕಿದ್ದೆ.
ಸುಡುವುದಕ್ಕೆಂದು ಎಲ್ಲ ಡಬ್ಬಿಗೆ ಬೀಳುತ್ತವೆ.
ಅವು ಮರೆತ ಹಳದಿ ಬಣ್ಣ
ಆ ಡಬ್ಬಿಗಿದೆ.

ಗಣಿಯ ಸೈರನ್ ಕೂಗಿತು.
ಅಮರೇಶ ಎದ್ದು ಕೂತು ಕಣ್ಣುಜ್ಜಿಕೊಂಡು
ಕಿಟಕಿಯ ಕಡೆ ನೋಡಿದ.
ಹುಲಿಗೆಮ್ಮ ಮಾತ್ರ ನೆಲ ನೋಡುತ್ತಿದ್ದಳು.
ಪಟ್ಟಿಯನ್ನು ಬೆಳಕಿಗೆ ಹಿಡಿದೆ, ಓರೆ ಮಾಡಿದೆ.
ಎರಡನೆಯ ಗೆರೆಯ ಜಾಗದಲ್ಲಿ
ಇದೆಯೋ, ನನ್ನ ಕಣ್ಣಿನ ಆಸೆಯೋ.

"ಆತೇನಕ್ಕಾ ಟೈಮು?"
"ಇನ್ನೂ ಇಲ್ಲ ತಡಿ" ಅಂದೆ,
"ಆ ಗಡಿಯಾರ ಮುಂದೈತಿ."