ಎಡ ದವಡೆ

ತೆತಾಮನುವಿನ ಹವಳದ ಗಂಡಿಯಲ್ಲಿ
ನೀರು ದಿನಕ್ಕೆ ನಾಲ್ಕು ಸಲ ಮನಸ್ಸು ಬದಲಿಸುತ್ತದೆ.
ಒಳಗೆ ಬರುವಾಗ ಗಾಜು.
ಹೊರಗೆ ಹೋಗುವಾಗ, ತಳವೆಲ್ಲ ಕಲಕಿಕೊಂಡ ಮಜ್ಜಿಗೆ.

"ಗಾಜಿನ ಹೊತ್ತಿಗೆ ಇಳಿ," ಅಂದಿದ್ದ ತೆಹೋತು,
"ಮೂವತ್ತು ಮೀಟರಿನಲ್ಲಿ ಬಂಡೆಗೆ ಬೆನ್ನು ಕೊಟ್ಟು ಕೂರು.
ಕೈ ಎದೆಗೆ. ಬೆರಳು ಚಾಚಬೇಡ.
ರಾಯ್ರಾಗಳು ನಿನ್ನ ಹತ್ತಿರ ಬರುವುದಿಲ್ಲ,
ನೀನು ಅವುಗಳ ದಾರಿಯಲ್ಲಿರುತ್ತೀಯ, ಅಷ್ಟೆ."

ಕೂತೆ. ಹನ್ನೊಂದು ದಿನ.
ಕ್ಯಾಮೆರಾಕ್ಕೆ ಎರಡು ತೋಳು, ತೋಳಿಗೊಂದು ದೀಪ,
ಜೀವವಿರುವ ಏಡಿಯ ಹಾಗೆ ಅದನ್ನು ಮೈಯಿಂದ ದೂರ ಹಿಡಿದು.
ಮೇಲೆ ಶಾರ್ಕುಗಳು. ಎಣಿಸಿದೆ, ನೂರಾ ಹತ್ತಕ್ಕೆ ಬಿಟ್ಟೆ.
ಸೆಳವಿಗೆ ಮುಖ ಕೊಟ್ಟು ನಿಂತಲ್ಲೇ ಈಜುವ ಬೂದು ಮೈಗಳು,
ತಡವಾದ ಬಸ್ಸಿಗೆ ಕಾಯುವವರಂತೆ,
ಅವಸರವಿಲ್ಲ, ಪರಸ್ಪರ ಮಾತಿಲ್ಲ.

ಭಯ?
ಇತ್ತು. ಮೊದಲ ದಿನ ನನ್ನ ಗುಳ್ಳೆಗಳೇ ಊರಿಗೆಲ್ಲ ಸಾರಿದವು.
ನಾಲ್ಕನೆಯ ದಿನಕ್ಕೆ ಹಲ್ಲಿನ ಸಂದಿಯ ಮೀನುಮುಳ್ಳಾಯಿತು,
ನಾಲಿಗೆ ಆಗಾಗ ಹೋಗಿ ಮುಟ್ಟಿ ಬರುವಷ್ಟು.

ಹನ್ನೆರಡನೆಯ ಬೆಳಗ್ಗೆ ಒಂದು ಹೆಣ್ಣು
ಸಾಲು ಬಿಟ್ಟು ನೇರ ಬಂದಳು.
ಚೌಕಟ್ಟು ತುಂಬಿದಳು, ತುಂಬಿ ಹೊರಚೆಲ್ಲಿದಳು.
ಗಾಜಿನ ಗುಮ್ಮಟಕ್ಕೆ ಒಂದು ಗೇಣು,
ಅರ್ಧ ಗೇಣು,
ಒತ್ತಿದೆ.
ದೀಪ ಹೊಳೆದು ಆರುವಷ್ಟರಲ್ಲಿ ಬಾಲದ ಒಂದೇ ಬೀಸು,
ನೀರು ನನ್ನ ಕೆನ್ನೆಗೆ ತಟ್ಟಿತು.
ಆಮೇಲೆ ಬರೀ ನೀಲಿ.

ಸಂಜೆ ದಕ್ಕೆಯ ಬುಡದಲ್ಲಿ
ತೆಹೋತುವಿನ ತಾಯಿ, ಮಾಮಾ ತೆತುವಾ,
ಮೊಣಕಾಲುದ್ದ ನೀರಲ್ಲಿ ನಿಂತು ಗಿಳಿಮೀನಿನ ಹುರುಪೆ ಕೆರೆಯುತ್ತಿದ್ದಳು.
ಕಪ್ಪುರೆಕ್ಕೆಯ ಮರಿಶಾರ್ಕುಗಳು ತಲೆಗಾಗಿ, ಕರುಳಿಗಾಗಿ ಕಾಲ ಸುತ್ತ;
ಬೆಕ್ಕುಗಳನ್ನು ಗದರುವಂತೆ ಗದರಿ
ಒಂದನ್ನು ಹಿಮ್ಮಡಿಯಿಂದ ಸರಿಸಿದಳು.

ತೋರಿಸಿದೆ. ನನಗೆ ಗೊತ್ತಿತ್ತು, ಇದೇ ಆ ಚಿತ್ರ:
ಬೆನ್ನ ಮೇಲೆ ಬಿಸಿಲು ಬಲೆ ಬೀಸಿದ ರೀತಿ,
ಮೂತಿಯ ಸೂಜಿರಂಧ್ರಗಳನ್ನೂ ಎಣಿಸಬಹುದು.
ಅವಳು ಉಟ್ಟ ಬಟ್ಟೆಗೆ ಕೈ ಒರೆಸಿ, ಕನ್ನಡಕ ತರಿಸಿ,
"ದೊಡ್ಡದು ಮಾಡು" ಅಂದಳು.
ಕಣ್ಣನ್ನು ಮಾಡಿದೆ.
"ಕಣ್ಣಲ್ಲ. ಬಾಯಿ. ಎಡಗಡೆ."
ಮಾಡಿದೆ.
"ಇನ್ನೂ."
ಚಿತ್ರ ಒಡೆದು ಬೂದು ಚೌಕಗಳಾಗುವ ತನಕ.

ಆಮೇಲೆ ಮನೆಯತ್ತ ತಿರುಗಿ ಕೂಗಿದಳು,
ಚರ್ಚಿನ ಆಚೆಗೂ ಕೇಳುವ ಹಾಗೆ.
ತೆಹೋತು ಬಂದು ನನಗೆ ಬಿಡಿಸಿ ಹೇಳಿದ:
ಹೋದ ಮಳೆಗಾಲ ತಮ್ಮನ ಗಾಳ ನುಂಗಿದ್ದು ಇವಳೇ,
ದಾರ ಕತ್ತರಿಸಿದ್ದು ಅಮ್ಮ,
ಕಬ್ಬಿಣ ಬಾಯಲ್ಲೇ ಉಳಿಯಿತು.
ತಮ್ಮ ಅಂದಿನಿಂದ ಗಂಡಿಗೆ ದೋಣಿ ಹಾಕಿಲ್ಲ.

ತುಟಿಯ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಗುರುತು.
ಗಾಳವಿಲ್ಲ. ಉಪ್ಪು ತಿಂದು ಮುಗಿಸಿದೆ.
ನಾನು ಅಲ್ಲಿ ಬೆಳಕನ್ನಷ್ಟೇ ಅಳೆದಿದ್ದೆ.

ತಮ್ಮ ಮಾತಹಿ ನಿಧಾನವಾಗಿ ಬಂದ, ಹದಿನಾರಿರಬೇಕು.
ಪರದೆ ನೋಡಲಿಲ್ಲ.
ಒಂದು ಮೀನುತಲೆ ಎತ್ತಿ ದೂರ ಎಸೆದ,
ಮರಿಗಳು ಅತ್ತ ನುಗ್ಗಿದವು.
ಆಮೇಲೆ ಕೇಳಿದ:
"ನಿನ್ನ ಕ್ಯಾಮೆರಾದಲ್ಲಿ ಎಡ ಬಲ ಅದಲುಬದಲಾಗುವುದಿಲ್ಲ ತಾನೆ?
ಕನ್ನಡಿಯ ಹಾಗೆ?"

ಇಲ್ಲ, ಅಂದೆ.
ನಂಬಲಿಲ್ಲ. ಮತ್ತೆ ಹಿಗ್ಗಿಸಿದೆ.
ತಲೆಗೆ ತಲೆ ತಾಗುವಷ್ಟು ಬಗ್ಗಿ ಇಬ್ಬರೂ
ಇಲ್ಲದ್ದನ್ನು ನೋಡುತ್ತ ಕೂತೆವು,
ಚೌಕದಿಂದ ಚೌಕಕ್ಕೆ,
ಬ್ಯಾಟರಿ ಕೆಂಪಾಗುವವರೆಗೆ.